ಅಪ್ಪ-ಅಮ್ಮನ ವೀಸಾ: ಮಗನ ಸಂಬಳ ಯಾಕೆ ಸಾಕಾಗುವುದಿಲ್ಲ?

ಮಗನಿಗೆ ಅಮೆರಿಕದಲ್ಲಿ ಒಳ್ಳೆ ಕೆಲಸ. ಮನೆ ಇದೆ, ಕಾರಿದೆ. ಟಿಕೆಟ್, ಇನ್ಶೂರೆನ್ಸ್, ಓಡಾಟದ ಖರ್ಚು ಎಲ್ಲ ಅವನದ್ದೇ. ಆದರೂ ಅಪ್ಪ-ಅಮ್ಮ ಚೆನ್ನೈಯ ಅಮೆರಿಕ ಕಾನ್ಸುಲೇಟ್‌ಗೆ ಹೋಗಿ, ವೀಸಾ ಸಂದರ್ಶನದ ಕೌಂಟರ್ ಮುಂದೆ ಎರಡು ನಿಮಿಷ ನಿಂತು, ಒಂದು ಚೀಟಿ ಹಿಡಿದುಕೊಂಡು ಊರಿಗೆ ವಾಪಸ್ ಬರುತ್ತಾರೆ. ವೀಸಾ ಇಲ್ಲ. ತಂದಿದ್ದ ಫೈಲನ್ನು ಯಾರೂ ತೆರೆದೂ ನೋಡಲಿಲ್ಲ. "ನಾವೇನು ಅಲ್ಲೇ ಇದ್ದುಬಿಡ್ತೀವಾ? ಮೊಮ್ಮಗನ್ನ ನೋಡ್ಕೊಂಡು ಬರ್ತಿದ್ವಿ ಅಷ್ಟೇ" ಅನ್ನುವ ಅಮ್ಮನ ಮಾತಲ್ಲಿ ಬೇಸರಕ್ಕಿಂತ ಅವಮಾನ ಜಾಸ್ತಿ ಇರುತ್ತದೆ.

ಹೀಗಾದಾಗ ಹೊರದೇಶದಲ್ಲಿರುವ ಮಕ್ಕಳು ಮೊದಲು ಮಾಡುವ ಕೆಲಸ ಇನ್ನಷ್ಟು ಕಾಗದ ಕಳಿಸುವುದು. ಸಂಬಳದ ಚೀಟಿ, ಟ್ಯಾಕ್ಸ್ ಕಾಗದ, ಮನೆಯ ದಾಖಲೆ, ಕಂಪನಿಯ ಪತ್ರ. ಎಲ್ಲವೂ ಮಗನ ಬಗ್ಗೆ. ತೊಂದರೆ ಇರುವುದೇ ಇಲ್ಲಿ. ಕೌಂಟರ್ ಆಚೆ ಕೂತ ಅಧಿಕಾರಿ ಅಳೆಯುತ್ತಿರುವುದು ಮಗನನ್ನಲ್ಲ, ಅಪ್ಪ-ಅಮ್ಮನನ್ನು.

ಅಮೆರಿಕದ ವಲಸೆ ಕಾನೂನು 1952ರದ್ದು. ಅದರ 214(ಬಿ) ಕಲಂ ಪ್ರಕಾರ, ಪ್ರವಾಸಿ ವೀಸಾ ಕೇಳುವ ಪ್ರತಿಯೊಬ್ಬರೂ ಅಲ್ಲೇ ನೆಲೆಸಲು ಹೊರಟವರು ಎಂದೇ ಅಧಿಕಾರಿ ಮೊದಲು ಎಣಿಸಬೇಕು. ಹಾಗಲ್ಲ ಎಂದು ಮನವರಿಕೆ ಮಾಡಿಕೊಡುವ ಹೊಣೆ ಅರ್ಜಿ ಹಾಕಿದವರದ್ದು. ಅಂದರೆ ಅಮ್ಮನ ಮೇಲೆ ಯಾರಿಗೋ ವಿಶೇಷವಾಗಿ ಅನುಮಾನ ಬಂತು ಅಂತಲ್ಲ, ಅನುಮಾನದಿಂದಲೇ ಶುರು ಮಾಡು ಎಂದು ಕಾನೂನೇ ಹೇಳುತ್ತದೆ. ಬಿ-2 ಎಂದು ಕರೆಯುವ ಈ ಪ್ರವಾಸಿ ವೀಸಾಕ್ಕೆ ಆಹ್ವಾನ ಪತ್ರವಾಗಲಿ, ಖರ್ಚು ನೋಡಿಕೊಳ್ಳುತ್ತೇನೆ ಎಂಬ ಅಫಿಡವಿಟ್ ಆಗಲಿ ಬೇಕಿಲ್ಲ ಎಂದು ಅಮೆರಿಕದ ವಿದೇಶಾಂಗ ಇಲಾಖೆ ತನ್ನ ವೆಬ್‌ಸೈಟಿನಲ್ಲೇ ಹೇಳಿದೆ. ಅಲ್ಲಿರುವ ನೆಂಟರ ಭರವಸೆಯ ಮೇಲಲ್ಲ, ಅರ್ಜಿದಾರರಿಗೆ ತಮ್ಮ ದೇಶದಲ್ಲಿರುವ ನೆಲೆ ಮತ್ತು ಬಂಧಗಳ ಮೇಲೆ ತೀರ್ಮಾನ ಎನ್ನುವುದು ಅವರ ಮಾತು.

"ಖರ್ಚಿಗೆ ದುಡ್ಡು ಎಲ್ಲಿಂದ?" ಎಂಬ ಪ್ರಶ್ನೆಗೆ ಮಗನ ಸಂಬಳ ಉತ್ತರ. "ವಾಪಸ್ ಬರ್ತೀರಾ?" ಎಂಬ ಪ್ರಶ್ನೆಗೆ ಅದು ಉತ್ತರವೇ ಅಲ್ಲ. ಅಧಿಕಾರಿಯ ಜಾಗದಲ್ಲಿ ಕೂತು ನೋಡಿದರೆ, ಮಗನ ದೊಡ್ಡ ಮನೆ ಅಪ್ಪ-ಅಮ್ಮ ಅಲ್ಲೇ ಉಳಿಯಲು ಇರುವ ಕಾರಣವಾಗಿಯೂ ಕಾಣಬಹುದು.

ಪ್ರವಾಸಿ ವೀಸಾ ಎನ್ನುವುದು ಹೆಸರಿಗೆ ತಕ್ಕ ಹಾಗೆ ನಾಲ್ಕು ಊರು ಸುತ್ತಿ ಬರುವವರಿಗಾಗಿ ಮಾಡಿದ್ದು. ನಮ್ಮ ಕುಟುಂಬಗಳಲ್ಲಿ ಅದು ಹೊರುತ್ತಿರುವ ಭಾರವೇ ಬೇರೆ. ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ ದುಡಿಯುವವರು ಹೆಂಡತಿ ಅಥವಾ ಗಂಡನನ್ನು, 21 ವರ್ಷದೊಳಗಿನ ಮಕ್ಕಳನ್ನು ಎಚ್-4 ಎಂಬ ಅವಲಂಬಿತರ ವೀಸಾ ಮೇಲೆ ಕರೆಸಿಕೊಳ್ಳಬಹುದು. ತಂದೆ-ತಾಯಿಗೆ ಆ ದಾರಿ ಇಲ್ಲ. ಅವರನ್ನು ಕಾಯಂ ಆಗಿ ಕರೆಸಿಕೊಳ್ಳಬೇಕಾದರೆ ಮಕ್ಕಳು ಅಮೆರಿಕದ ಪ್ರಜೆಯಾಗಿ, ನೆಂಟರನ್ನು ಕರೆಸಿಕೊಳ್ಳುವ ಐ-130 ಅರ್ಜಿ ಹಾಕಬೇಕು. ಪ್ರಜೆಯಾಗಲು ಮೊದಲು ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಪರವಾನಗಿ ಬೇಕು. ವರ್ಷದ ಗ್ರೀನ್ ಕಾರ್ಡ್‌ಗಳಲ್ಲಿ ಒಂದು ದೇಶದವರಿಗೆ ಶೇಕಡಾ 7 ಎಂಬ ಮಿತಿಯಿಂದಾಗಿ ಭಾರತೀಯರ ಸರದಿ ಎಷ್ಟು ಹಿಂದಿದೆ ಎಂದರೆ, 2025ರ ಕೊನೆಯಲ್ಲೂ ಉನ್ನತ ಪದವಿ ಪಡೆದವರಿಗಾಗಿ ಇರುವ ಉದ್ಯೋಗ ಆಧಾರಿತ ಇಬಿ-2 ವಿಭಾಗದಲ್ಲಿ 2013ರ ಸುಮಾರಿಗೆ ಅರ್ಜಿ ಹಾಕಿದವರ ಸರದಿ ನಡೆಯುತ್ತಿತ್ತು. ಇವತ್ತು ಸರದಿಗೆ ನಿಂತ ಮಗಳು ಪ್ರಜೆಯಾಗುವ ಹೊತ್ತಿಗೆ ಅವಳ ಅಪ್ಪನಿಗೆ ಎಷ್ಟು ವಯಸ್ಸಾಗಿರುತ್ತದೆ ಎಂದು ಯೋಚಿಸಿ. ಅಲ್ಲಿಯವರೆಗೆ ಅಪ್ಪನಿಗೂ ಮಗಳ ಮನೆಗೂ ನಡುವೆ ಇರುವ ಬಾಗಿಲು ಬಿ-2 ಒಂದೇ.

ಇದರಿಂದ ಅತಿ ಹೆಚ್ಚು ಕಷ್ಟಪಡುವವರು ಒಬ್ಬರೇ ಇರುವ ತಾಯಂದಿರು. ಗಂಡ ತೀರಿಕೊಂಡಿದ್ದಾರೆ, ಇಬ್ಬರು ಮಕ್ಕಳೂ ಹೊರದೇಶದಲ್ಲಿದ್ದಾರೆ, ಜಮೀನಿನ ಪಹಣಿ ಇನ್ನೂ ಮಾವನ ಹೆಸರಲ್ಲೇ ಇದೆ, ಪೌತಿ ಖಾತೆ ಮಾಡಿಸಿಲ್ಲ, ಬ್ಯಾಂಕಿನಲ್ಲಿ ಇರುವುದು ಮಕ್ಕಳು ಕಳಿಸಿದ ದುಡ್ಡು. ಮಕ್ಕಳ ಜೊತೆ ನಾಲ್ಕು ತಿಂಗಳು ಇದ್ದು ಬರುವ ಅಗತ್ಯ ಯಾರಿಗಾದರೂ ಇದ್ದರೆ ಈ ಅಮ್ಮನಿಗೆ. ಕಾನೂನಿನ ಕಣ್ಣಲ್ಲಿ ಅತಿ ದುರ್ಬಲ ಅರ್ಜಿಯೂ ಇವರದ್ದೇ. ವಾಪಸ್ ಎಳೆಯುವ ಬಂಧ ಯಾವುದು ಎಂದು ಕೇಳಿದರೆ ಕಾಗದದ ಮೇಲೆ ತೋರಿಸಲು ಏನೂ ಇಲ್ಲ. ಐವತ್ತು ವರ್ಷ ಬಾಳಿದ ಮನೆ, ಅಕ್ಕ-ತಂಗಿಯರು, ಊರ ದೇವಸ್ಥಾನ, ಗುರುತಿನ ಡಾಕ್ಟರು ಇವೆಲ್ಲ ನಿಜವಾದ ಬಂಧಗಳೇ. ಆದರೆ ಅವನ್ನು ಎರಡು ನಿಮಿಷದಲ್ಲಿ ಹೇಳಲು ಅಮ್ಮನಿಗೆ ಬರಬೇಕು, ಕೇಳುವ ವ್ಯವಧಾನ ಆಚೆಯವರಿಗೆ ಇರಬೇಕು. ಇದು ನನಗೆ ಈ ವ್ಯವಸ್ಥೆಯ ಅತಿ ದೊಡ್ಡ ಅನ್ಯಾಯ ಅನಿಸುತ್ತದೆ.

ಇನ್ನು ಬಾಣಂತನದ ವಿಷಯ. ನಮ್ಮಲ್ಲಿ ಅಮ್ಮಂದಿರು ಮೊದಲ ಸಲ ವೀಸಾಕ್ಕೆ ಹೋಗುವುದು ಹೆಚ್ಚಾಗಿ ಇದಕ್ಕೇ. ಮಗಳಿಗೆ ಮೂರು ತಿಂಗಳಾದಾಗ ಮನೆಯವರಿಗೆ ಗೊತ್ತಾಗುತ್ತದೆ, ಆಮೇಲೆ ಪಾಸ್‌ಪೋರ್ಟ್ ಹುಡುಕುತ್ತಾರೆ, ಆಮೇಲೆ ಸ್ಲಾಟ್, ಅಂದರೆ ಸಂದರ್ಶನದ ದಿನ. ಕೋವಿಡ್ ನಂತರ, 2022ರ ಕೊನೆಯ ಹೊತ್ತಿಗೆ, ಭಾರತದಲ್ಲಿ ಮೊದಲ ಸಲ ಬಿ-1/ಬಿ-2 (ವ್ಯವಹಾರ ಮತ್ತು ಪ್ರವಾಸ ಎರಡಕ್ಕೂ ಸೇರಿಸಿ ಕೊಡುವ ವೀಸಾ) ಕೇಳುವವರು ಸಂದರ್ಶನಕ್ಕೆ ಕಾಯಬೇಕಾದ ಅವಧಿ ಕೆಲವು ಕಡೆ 1000 ದಿನದ ಹತ್ತಿರ ಹೋಗಿತ್ತು. ಮೊಮ್ಮಗು ನಡೆದಾಡಿ, ಮಾತಾಡಿ, ಪ್ಲೇ ಸ್ಕೂಲಿಗೂ ಸೇರುವಷ್ಟು ಸಮಯ ಅದು. ಆಮೇಲೆ ಕಾಯುವ ದಿನ ಇಳಿಯಿತು, ಆದರೂ ಒಂದು ಕೇಂದ್ರದಿಂದ ಇನ್ನೊಂದಕ್ಕೆ, ಒಂದು ತಿಂಗಳಿಂದ ಇನ್ನೊಂದಕ್ಕೆ ಏರಿಳಿತ ಇದ್ದೇ ಇದೆ.

ತುರ್ತು ಸ್ಲಾಟ್ ಕೇಳಬಹುದಲ್ಲ ಎಂದು ಹಲವರು ಅಂದುಕೊಳ್ಳುತ್ತಾರೆ. ನೆಂಟರ ಸಾವು, ಗಂಭೀರ ಕಾಯಿಲೆಯ ಚಿಕಿತ್ಸೆಯಂಥ ಕಾರಣಕ್ಕೆ ಕೇಳಬಹುದು, ನಿಜ. ಆದರೆ ಮದುವೆ, ಪದವಿ ಪ್ರದಾನ ಸಮಾರಂಭ, ಗರ್ಭಿಣಿಯಾದ ಸಂಬಂಧಿಯ ನೆರವಿಗೆ ಹೋಗುವುದು, ಇವು ತುರ್ತಿನ ಪಟ್ಟಿಗೆ ಬರುವುದಿಲ್ಲ ಎಂದು ನಿಯಮದಲ್ಲೇ ಬರೆದಿದೆ. ನಮ್ಮವರು ಹೋಗುವ ಮುಖ್ಯ ಮೂರು ಕಾರಣಗಳನ್ನೇ ಹೆಕ್ಕಿ ಹೊರಗಿಟ್ಟ ಹಾಗಾಯಿತು.

ಆದ್ದರಿಂದ ಅಗತ್ಯ ಬೀಳುವ ಮೊದಲೇ ವೀಸಾ ಮಾಡಿಸಿಡುವುದು ಒಳ್ಳೆಯದು. ಭಾರತೀಯರಿಗೆ ಬಿ-1/ಬಿ-2 ಸಾಮಾನ್ಯವಾಗಿ 10 ವರ್ಷದ್ದು ಸಿಗುತ್ತದೆ, ಎಷ್ಟು ಸಲ ಬೇಕಾದರೂ ಹೋಗಬಹುದು. ಮಗಳಿಗೆ ಮದುವೆಯಾಗಿ ಅಲ್ಲಿಗೆ ಹೋದ ವರ್ಷವೇ, ಅಪ್ಪ-ಅಮ್ಮ ಇನ್ನೂ ಗಟ್ಟಿಯಾಗಿರುವಾಗ, ಸುಮ್ನೆ ಒಂದು ತಿಂಗಳು ನೋಡಿಬರಲು ಎಂದು ಅರ್ಜಿ ಹಾಕಿದರೆ ಆತುರ ಇರುವುದಿಲ್ಲ, ಮಾತೂ ಸಲೀಸಾಗಿ ಬರುತ್ತದೆ. ಹೇಳಿದ ದಿನಕ್ಕೆ ವಾಪಸ್ ಬಂದ ಒಂದು ಪ್ರವಾಸ ಮುಂದಿನ ಅರ್ಜಿಗೆ ಯಾವ ಆಸ್ತಿ ಪತ್ರಕ್ಕಿಂತಲೂ ದೊಡ್ಡ ಸಾಕ್ಷಿ.

"ಬಾಣಂತನಕ್ಕೆ ಹೋಗ್ತೀನಿ ಅಂತ ಹೇಳಬಹುದಾ?" ಎಂದು ಕೇಳುವವರು ಬಹಳ ಜನ. ಮಗಳ ಹೆರಿಗೆಯ ಸಮಯದಲ್ಲಿ ಜೊತೆಗಿರಲು, ಮೊಮ್ಮಗುವನ್ನು ನೋಡಲು ಹೋಗುವುದು ನೆಂಟರ ಭೇಟಿಯೇ, ಮುಚ್ಚಿಡುವಂಥದ್ದು ಏನೂ ಇಲ್ಲ. ಆದರೆ ಮಗಳು ಕೆಲಸಕ್ಕೆ ಹೋಗುತ್ತಾಳೆ, ಡೇ ಕೇರ್ ದುಬಾರಿ, ಹಾಗಾಗಿ ಆರು ತಿಂಗಳು ಮಗು ನೋಡಿಕೊಳ್ಳಲು ಹೋಗುವುದು ಎಂದರೆ ಅದು ಅಧಿಕಾರಿಗೆ ಭೇಟಿಯಾಗಿ ಕಾಣುವುದಿಲ್ಲ, ಸಂಬಳವಿಲ್ಲದ ಕೆಲಸವಾಗಿ ಕಾಣುತ್ತದೆ. ಬ್ರಿಟನ್ನಿನ ನಿಯಮ ಇದನ್ನು ಬಿಡಿಸಿಯೇ ಹೇಳುತ್ತದೆ: ಸ್ವಲ್ಪ ದಿನದ ಭೇಟಿಯಲ್ಲಿ ಮೊಮ್ಮಕ್ಕಳನ್ನು ನೋಡಿಕೊಂಡರೆ ತಪ್ಪಿಲ್ಲ, ಮಕ್ಕಳನ್ನು ನೋಡಿಕೊಳ್ಳುವ ಆಳಿನ ಬದಲಿಯಾಗಿ ಬರುವಂತಿಲ್ಲ. ಇಲ್ಲಿ ಬಾಯಿಪಾಠದ ಉತ್ತರದಿಂದ ಪ್ರಯೋಜನ ಇಲ್ಲ. ಅಮ್ಮ ಯಾಕೆ ಹೋಗುತ್ತಿದ್ದಾರೆ, ಎಷ್ಟು ದಿನಕ್ಕೆ ಎಂದು ಮನೆಯವರೇ ಮೊದಲು ಕೂತು ನಿಜವಾಗಿ ತೀರ್ಮಾನ ಮಾಡಬೇಕು.

ಅಮೆರಿಕದ ವೀಸಾ ಅರ್ಜಿಯ ಹೆಸರು ಡಿಎಸ್-160, ಆನ್‌ಲೈನ್‌ನಲ್ಲಿ ತುಂಬುವುದು. ಅಮೆರಿಕದಲ್ಲಿರುವ ಮಗ ರಾತ್ರಿ ಕೂತು ತುಂಬುತ್ತಾನೆ. ಅಪ್ಪ-ಅಮ್ಮ ಅದನ್ನು ಒಮ್ಮೆಯೂ ಓದಿರುವುದಿಲ್ಲ. ಅಧಿಕಾರಿಯ ಮುಂದೆ ಇರುವುದು ಮಾತ್ರ ಆ ಅರ್ಜಿಯೇ. ಸಂದರ್ಶನಕ್ಕೆ ಮೊದಲು ಅದನ್ನು ಪ್ರಿಂಟ್ ತೆಗೆದು, ಸಾಲು ಸಾಲಾಗಿ ಕನ್ನಡದಲ್ಲಿ ಅವರಿಗೆ ಓದಿ ಹೇಳುವುದು ನನ್ನ ಪ್ರಕಾರ ಇಡೀ ತಯಾರಿಯಲ್ಲಿ ಮುಖ್ಯವಾದ ಕೆಲಸ. ಅರ್ಜಿಯಲ್ಲಿ ಎರಡು ತಿಂಗಳು ಎಂದಿದ್ದು ಅಪ್ಪ ಬಾಯಲ್ಲಿ ಆರು ತಿಂಗಳು ಅಂದರೆ ಅಲ್ಲಿಗೆ ಮುಗಿಯಿತು. ನಿಮ್ಮ ಪರವಾಗಿ ಯಾರಾದರೂ ವಲಸೆ ಅರ್ಜಿ ಹಾಕಿದ್ದಾರಾ ಎಂಬ ಪ್ರಶ್ನೆ ಅದರಲ್ಲಿದೆ. ಹಿಂದೆ ವೀಸಾ ನಿರಾಕರಣೆ ಆಗಿದೆಯಾ ಎಂದೂ ಕೇಳುತ್ತಾರೆ. 2019ರಲ್ಲಿ ಬಂದ ನಿಯಮದಂತೆ, ಅರ್ಜಿಗೆ ಹಿಂದಿನ ಐದು ವರ್ಷದಲ್ಲಿ ಬಳಸಿದ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ಕೇಳುತ್ತಾರೆ. ಅಮ್ಮನಿಗೆ ಫೇಸ್‌ಬುಕ್ ಖಾತೆ ಇರುವುದೇ ಮಗನಿಗೆ ಗೊತ್ತಿರುವುದಿಲ್ಲ. ಪಕ್ಕದ ಮನೆಯ ಹುಡುಗಿ ಯಾವತ್ತೋ ಮಾಡಿಕೊಟ್ಟಿರುತ್ತಾಳೆ. ಫೋಟೋದಲ್ಲಿ ಕನ್ನಡಕ ಇರಬಾರದು, 2016ರ ನವೆಂಬರ್‌ನಿಂದ ಈ ನಿಯಮ.

ಹೆಸರಿನ ಕಥೆ ಇನ್ನೂ ದೊಡ್ಡದು. ನಮ್ಮ ಹಿರಿಯರಲ್ಲಿ ಬಹಳ ಜನರಿಗೆ ಸರ್‌ನೇಮ್ ಇಲ್ಲ. ಊರ ಹೆಸರು, ಅಪ್ಪನ ಹೆಸರು ಇನಿಷಿಯಲ್‌ನಲ್ಲಿ ಇರುತ್ತದೆ, ಅಥವಾ ಬರೀ "ಲಕ್ಷ್ಮೀದೇವಮ್ಮ" ಅಷ್ಟೇ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಡಿಎಸ್-160 ಖಾಲಿ ಬಿಡಲು ಒಪ್ಪುವುದಿಲ್ಲ. ಆಗ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಹಾಕಿ, ಹೆಸರಿನ ಜಾಗದಲ್ಲಿ "ಎಫ್ಎನ್‌ಯು" ಎಂದು ಬರೆಯಬೇಕಾಗುತ್ತದೆ. ಮೊದಲ ಹೆಸರು ತಿಳಿದಿಲ್ಲ ಎಂದು ಅದರ ಅರ್ಥ. ವೀಸಾದ ಮೇಲೂ ಹಾಗೇ ಅಚ್ಚಾಗುತ್ತದೆ. ಆಮೇಲೆ ವಿಮಾನದ ಟಿಕೆಟ್ ಬುಕ್ ಮಾಡುವಾಗ ಗೊಂದಲ. ಯುಎಇ ಅಂತೂ 2022ರ ನವೆಂಬರ್ 21ರಿಂದ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುವವರಿಗೆ ಭೇಟಿ ವೀಸಾ ಮೇಲೆ ಪ್ರವೇಶ ಇಲ್ಲ ಎಂದಿತು. ತಂದೆಯ ಹೆಸರು ಅಥವಾ ಮನೆತನದ ಹೆಸರು ಎರಡನೇ ಪುಟದಲ್ಲಿದ್ದರೆ ಆಗಬಹುದು ಎಂದು ಆಮೇಲೆ ಸ್ಪಷ್ಟನೆ ಬಂತು. ದುಬೈಯಲ್ಲಿರುವ ಮಗಳ ಮನೆಗೆ ಹೊರಟ ಎಷ್ಟೋ ತಾಯಂದಿರಿಗೆ ಇದು ಹೊಸ ತಲೆನೋವು. ಮೊದಲ ಪಾಸ್‌ಪೋರ್ಟ್ ಮಾಡಿಸುವಾಗಲೇ, ಅಥವಾ ಹೊಸದಾಗಿ ಮಾಡಿಸುವಾಗ, ಹೆಸರನ್ನು ಎರಡು ಭಾಗ ಮಾಡಿ ಸರ್‌ನೇಮ್ ಹಾಕಿಸಿಕೊಳ್ಳುವುದು ಮುಂದಿನ ಎಷ್ಟೋ ತೊಂದರೆಯನ್ನು ತಪ್ಪಿಸುತ್ತದೆ. ಆಧಾರ್‌ನಲ್ಲೂ ಅದೇ ಹೆಸರಿರಲಿ.

ಈಗ ಆಸ್ತಿ, ಆದಾಯದ ಮಾತು. ಪಿಂಚಣಿ ಬರುವ ಮೇಷ್ಟರಿಗೆ ಇದು ಸುಲಭ. ತಿಂಗಳಿಗೊಮ್ಮೆ ಬ್ಯಾಂಕಿಗೆ ದುಡ್ಡು ಬೀಳುತ್ತದೆ, ಪಿಂಚಣಿ ಆದೇಶದ ಪ್ರತಿ ಇದೆ. ಶಿರಸಿ, ಸಾಗರ, ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರನ್ನು ನೋಡಿ. ಒಳ್ಳೆ ತೋಟ, ಕೈತುಂಬ ಕೆಲಸ. ಆದರೆ ಸಂಬಳದ ಚೀಟಿ ಇಲ್ಲ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಹಾಗಾಗಿ ಎಷ್ಟೋ ಜನ ರಿಟರ್ನ್ಸ್ ಕೂಡ ಸಲ್ಲಿಸಿರುವುದಿಲ್ಲ. ಅಡಿಕೆ ಸೊಸೈಟಿಗೆ ಹಾಕಿ, ದರ ಬಂದಾಗ ಮಾರುತ್ತಾರೆ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದರೆ ತಿಂಗಳುಗಟ್ಟಲೆ ಬರೀ ಖರ್ಚು, ಆಮೇಲೆ ಒಂದು ದಿನ ಒಮ್ಮೆಗೇ ಲಕ್ಷಗಟ್ಟಲೆ ಜಮೆ. ನಮಗೆ ಇದು ಅಡಿಕೆ ದುಡ್ಡು ಎಂದು ಕಣ್ಣು ಮುಚ್ಚಿ ಗೊತ್ತಾಗುತ್ತದೆ. ಅಡಿಕೆ ಕಾಣದ ಅಧಿಕಾರಿಗೆ ಅದು ವೀಸಾಕ್ಕಾಗಿ ಯಾರೋ ಹಾಕಿದ ದುಡ್ಡಿನ ಹಾಗೆ ಕಾಣುತ್ತದೆ.

ಅಮೆರಿಕದ ಕೌಂಟರ್‌ನಲ್ಲಿ ಕಾಗದ ನೋಡುವುದೇ ಕಮ್ಮಿ, ಹಾಗಾಗಿ ಅಲ್ಲಿ ಮಾತೇ ಸಾಕ್ಷಿ. "ತೋಟ ಇದೆ ಸರ್" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. "ನಾಲ್ಕು ಎಕರೆ ಅಡಿಕೆ ತೋಟ. ಅಕ್ಟೋಬರ್‌ಗೆ ಕೊಯ್ಲು ಶುರುವಾಗುತ್ತೆ, ಸುಲಿಸೋದು, ಬೇಯಿಸೋದು ಎಲ್ಲ ನಾನೇ ನಿಂತು ಮಾಡಿಸಬೇಕು, ಅಷ್ಟರಲ್ಲಿ ವಾಪಸ್ ಬರ್ತೀವಿ" ಎಂದರೆ ಅದರಲ್ಲಿ ನೆಲೆಯೂ ಇದೆ, ಹಿಂದಿರುಗುವ ತಿಂಗಳೂ ಇದೆ. ಇದು ಅವರ ಬದುಕೇ ಆದ್ದರಿಂದ ಹೇಳಿಕೊಡಬೇಕಾಗಿಯೂ ಇಲ್ಲ. ಇಂಗ್ಲಿಷ್ ಬಾರದಿದ್ದರೆ ಒದ್ದಾಡಿ ಇಂಗ್ಲಿಷ್‌ನಲ್ಲೇ ಹೇಳಬೇಕು ಅಂತಿಲ್ಲ. ಭಾಷಾಂತರದ ನೆರವು ಕೇಳಬಹುದು. ಅರ್ಧಂಬರ್ಧ ಇಂಗ್ಲಿಷ್‌ಗಿಂತ ನೇರ ಕನ್ನಡ ಎಷ್ಟೋ ಮೇಲು.

ಬ್ರಿಟನ್ ಪೂರ್ತಿ ಉಲ್ಟಾ. ಅಲ್ಲಿನ ಸ್ಟ್ಯಾಂಡರ್ಡ್ ವಿಸಿಟರ್ ವೀಸಾಕ್ಕೆ ಸಾಮಾನ್ಯವಾಗಿ ಸಂದರ್ಶನ ಇಲ್ಲ. ಬೆರಳಚ್ಚು ಕೊಟ್ಟು, ಕಾಗದ ಅಪ್‌ಲೋಡ್ ಮಾಡಿ ಬರುವುದು. ನಿಮ್ಮನ್ನು ಎಂದೂ ಕಾಣದ ಅಧಿಕಾರಿ ಕಾಗದ ಓದಿ ತೀರ್ಮಾನ ಮಾಡುತ್ತಾನೆ. ಅಲ್ಲಿ ಸೊಸೈಟಿಯ ವಿಕ್ರಿ ಪಟ್ಟಿ, ಪಹಣಿ ಮತ್ತು ಅದರ ಇಂಗ್ಲಿಷ್ ಅನುವಾದ, ಮತ್ತು ಈ ದೊಡ್ಡ ಮೊತ್ತ ಯಾವ ಮಾಲಿಗೆ ಯಾವಾಗ ಬಂದದ್ದು ಎಂದು ಒಂದು ಪುಟದಲ್ಲಿ ಬಿಡಿಸಿ ಬರೆದ ಪತ್ರ, ಇಷ್ಟಿದ್ದರೆ ಸ್ಟೇಟ್‌ಮೆಂಟ್ ಅರ್ಥವಾಗುತ್ತದೆ. ಅರ್ಜಿಗೆ ಎರಡು ವಾರ ಮೊದಲು ಮಗ ಅಪ್ಪನ ಖಾತೆಗೆ ಐದು ಲಕ್ಷ ಹಾಕುವುದು ಮಾತ್ರ ದೊಡ್ಡ ತಪ್ಪು. ಮೂಲ ಗೊತ್ತಿಲ್ಲದ ಜಮೆ ಎಂಬ ಕಾರಣ ನಿರಾಕರಣೆಯ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಖರ್ಚು ಮಗನದ್ದು ಎಂದು ಬ್ರಿಟನ್‌ನಲ್ಲಿ ನೇರವಾಗಿ ತೋರಿಸಲು ಅವಕಾಶ ಇರುವಾಗ ಹೀಗೆ ಮಾಡುವ ಅಗತ್ಯವೇ ಇಲ್ಲ. ಅಲ್ಲಿ ಕುಟುಂಬ ಭೇಟಿಯ ವೀಸಾ ನಿರಾಕರಣೆಯಾದರೆ ಪೂರ್ಣ ಮೇಲ್ಮನವಿಯ ಹಕ್ಕು ಮೊದಲು ಇತ್ತು. 2013ರಲ್ಲಿ ಅದನ್ನು ತೆಗೆದರು.

ಜರ್ಮನಿಯಲ್ಲಿ ಕರೆಸಿಕೊಳ್ಳುವವರ ಸಹಿಗೆ ನಿಜವಾದ ಬೆಲೆ ಇದೆ. ಮಗಳು ತನ್ನೂರಿನ ವಿದೇಶಿಯರ ಕಚೇರಿಗೆ ಹೋಗಿ, ಸಂಬಳ ತೋರಿಸಿ, ಅಪ್ಪ-ಅಮ್ಮನ ಖರ್ಚೆಲ್ಲ ನನ್ನದು ಎಂದು ಹೊಣೆ ಪತ್ರಕ್ಕೆ ಸಹಿ ಹಾಕಬಹುದು. ಅದು ಬರೀ ಮಾತಲ್ಲ. ಸರ್ಕಾರಕ್ಕೆ ಖರ್ಚು ಬಂದರೆ, ಆಸ್ಪತ್ರೆಯದ್ದೂ ಸೇರಿ, ಮಗಳಿಂದ ವಸೂಲಿ ಮಾಡುತ್ತಾರೆ. ವಾಪಸ್ ಬರುವ ನಂಬಿಕೆಯ ಪ್ರಶ್ನೆ ಅಲ್ಲೂ ಇದ್ದೇ ಇದೆ, ಆದರೆ ದುಡ್ಡಿನ ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ. ನಿರಾಕರಿಸಿದರೆ ಕಾರಣವನ್ನು ಬರೆದು ಕೊಡಬೇಕು, ಅದನ್ನು ಪ್ರಶ್ನಿಸುವ ಹಕ್ಕೂ ಷೆಂಗೆನ್ (ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ವ್ಯವಸ್ಥೆ) ನಿಯಮದಲ್ಲಿದೆ. 2024ರ ಏಪ್ರಿಲ್‌ನಿಂದ ಭಾರತೀಯರಿಗೆ ಒಂದು ಅನುಕೂಲವೂ ಆಗಿದೆ. ಮೂರು ವರ್ಷದೊಳಗೆ ಎರಡು ವೀಸಾ ಸರಿಯಾಗಿ ಬಳಸಿದವರಿಗೆ ಎರಡು ವರ್ಷದ ವೀಸಾ, ಆಮೇಲೆ ಐದು ವರ್ಷದ್ದು ಕೊಡುವ ಪದ್ಧತಿ ಬಂದಿದೆ. ಆದರೆ 180 ದಿನದಲ್ಲಿ 90 ದಿನಕ್ಕಿಂತ ಜಾಸ್ತಿ ಇರುವಂತಿಲ್ಲ.

ಈ ಎಲ್ಲದರಲ್ಲಿ ಕೆನಡಾದ್ದು ನನಗೆ ಮೆಚ್ಚುಗೆಯಾದ ದಾರಿ. 2011ರ ಡಿಸೆಂಬರ್‌ನಲ್ಲಿ ಅವರು ಸೂಪರ್ ವೀಸಾ ತಂದರು. ಪ್ರಜೆಗಳ ಮತ್ತು ಕಾಯಂ ನಿವಾಸಿಗಳ ತಂದೆ-ತಾಯಿ, ಅಜ್ಜ-ಅಜ್ಜಿಗೆ ಮಾತ್ರ ಇದು. 2022ರ ಜುಲೈನಿಂದ ಒಂದು ಸಲ ಹೋದರೆ 5 ವರ್ಷದವರೆಗೆ ಇರಬಹುದು. ಮಗ ಅಥವಾ ಮಗಳ ಆದಾಯ ಒಂದು ಮಟ್ಟಕ್ಕಿಂತ ಮೇಲಿರಬೇಕು, ಕನಿಷ್ಠ 1 ಲಕ್ಷ ಕೆನಡಾ ಡಾಲರ್‌ನ ಆರೋಗ್ಯ ವಿಮೆ ಇರಬೇಕು, ವೈದ್ಯಕೀಯ ತಪಾಸಣೆ ಆಗಬೇಕು. ವಿಮೆಯ ಕಂತು ಹಿರಿಯರಿಗೆ ದುಬಾರಿಯೇ, ಎಲ್ಲರ ಕೈಗೆ ಎಟುಕುವುದಿಲ್ಲ. ಆದರೂ ಅಪ್ಪ-ಅಮ್ಮ ಬರುವುದು ನಯಾಗರಾ ನೋಡಲು ಅಲ್ಲ, ಮಕ್ಕಳ ಜೊತೆ ಇರಲು ಎಂಬ ಸತ್ಯವನ್ನು ಒಂದು ಸರ್ಕಾರ ಒಪ್ಪಿಕೊಂಡು, ಅದಕ್ಕೆ ತಕ್ಕ ಷರತ್ತು ಹಾಕಿ ಬಾಗಿಲು ತೆರೆದಿದೆ. ಅಮೆರಿಕದಲ್ಲಿ ಇಂಥದ್ದು ಇಲ್ಲ.

ಬಾಗಿಲು ಇಕ್ಕಟ್ಟಾದಷ್ಟೂ ದಲ್ಲಾಳಿಗಳಿಗೆ ಸುಗ್ಗಿ. ಸ್ಲಾಟ್ ಹಿಡಿದುಕೊಡುತ್ತೇವೆ ಎನ್ನುವವರು, ಗ್ಯಾರಂಟಿ ವೀಸಾ ಎನ್ನುವವರು, ಉತ್ತರ ಬಾಯಿಪಾಠ ಮಾಡಿಸುವವರು ಎಲ್ಲ ಊರಲ್ಲೂ ಇದ್ದಾರೆ. 2025ರ ಮಾರ್ಚ್‌ನಲ್ಲಿ, ಬಾಟ್‌ಗಳ (ತಾವಾಗಿಯೇ ಬುಕ್ ಮಾಡುವ ಕಂಪ್ಯೂಟರ್ ಪ್ರೋಗ್ರಾಂಗಳ) ಮೂಲಕ ಬುಕ್ ಮಾಡಿದ್ದ ಸುಮಾರು 2000 ಅಪಾಯಿಂಟ್‌ಮೆಂಟ್‌ಗಳನ್ನು ಭಾರತದಲ್ಲಿನ ಅಮೆರಿಕದ ರಾಯಭಾರ ಕಚೇರಿ ರದ್ದು ಮಾಡಿತು. ಆ ಸ್ಲಾಟ್‌ಗೆ ದುಡ್ಡು ಕೊಟ್ಟವರ ಗತಿ ಏನು? ಅದಕ್ಕಿಂತ ಕೆಟ್ಟದ್ದು ಸುಳ್ಳು ಕಾಗದ. ಅಮೆರಿಕದ ಕಾನೂನಿನಲ್ಲಿ ಸುಳ್ಳು ಹೇಳಿ ವೀಸಾಕ್ಕೆ ಯತ್ನಿಸಿದ್ದು ಸಾಬೀತಾದರೆ ಜೀವನಪೂರ್ತಿ ಪ್ರವೇಶ ನಿಷೇಧ ಆಗಬಹುದು. ಅರವತ್ತೈದು ವರ್ಷದ ಅಪ್ಪನಿಗೆ, ಅವರಿಗೇ ಗೊತ್ತಿಲ್ಲದೆ ಏಜೆಂಟ್ ತುಂಬಿದ ಒಂದು ಸುಳ್ಳಿನಿಂದ, ಮಗನ ಮನೆಯ ಬಾಗಿಲು ಶಾಶ್ವತವಾಗಿ ಮುಚ್ಚಬಹುದು. ಅರ್ಜಿ ತುಂಬಲು ನೆರವು ಪಡೆದರೆ ತಪ್ಪಿಲ್ಲ, ಯಾರು ತುಂಬಿದರು ಎಂದು ಬರೆಯಲು ಅರ್ಜಿಯಲ್ಲೇ ಜಾಗ ಇದೆ. ಆದರೆ ಅದರಲ್ಲಿ ಏನಿದೆ ಎಂದು ನಿಮಗೆ ಗೊತ್ತಿರಬೇಕು.

ನಿರಾಕರಣೆ ಆದರೆ? 214(ಬಿ) ನಿರಾಕರಣೆಗೆ ಮೇಲ್ಮನವಿ ಇಲ್ಲ. ಕೋರ್ಟಿಗೆ ಹೋಗುವ ದಾರಿಯೂ ಹೆಚ್ಚುಕಮ್ಮಿ ಮುಚ್ಚಿದೆ. 2024ರ ಜೂನ್‌ನಲ್ಲಿ ಮುನೋಜ್ ಪ್ರಕರಣದಲ್ಲಿ, ಹೆಂಡತಿ ಅಮೆರಿಕದ ಪ್ರಜೆಯಾದ ಮಾತ್ರಕ್ಕೆ ವಿದೇಶಿ ಗಂಡನಿಗೆ ಪ್ರವೇಶ ಕೊಡಿ ಎನ್ನುವ ಸಾಂವಿಧಾನಿಕ ಹಕ್ಕು ಆಕೆಗೆ ಇಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಅದು ಕಾಯಂ ವಲಸೆಯ ವೀಸಾ ಪ್ರಕರಣ. ಗಂಡನಿಗೇ ಹೀಗಾದ ಮೇಲೆ ನೆಂಟರ ಪ್ರವಾಸಿ ವೀಸಾದ ಮಾತೇನು? ಉಳಿದಿರುವುದು ಮತ್ತೆ ಅರ್ಜಿ ಹಾಕುವುದು. ನಾಳೆಯೇ ಹಾಕಬಹುದು, ಆದರೆ ಮತ್ತೆ 185 ಡಾಲರ್ ಕಟ್ಟಬೇಕು, ಅಂದರೆ 2025ರ ಲೆಕ್ಕದಲ್ಲಿ ಒಬ್ಬರಿಗೆ ಸುಮಾರು 16,000 ರೂಪಾಯಿ. ಅದು ವಾಪಸ್ ಬರುವುದಿಲ್ಲ. 2025ರ ಜುಲೈ 4ರಂದು ಸಹಿಯಾದ ಅಮೆರಿಕದ ಕಾನೂನಿನಲ್ಲಿ ವೀಸಾ ಸಿಕ್ಕವರಿಂದ ಇನ್ನೂ 250 ಡಾಲರ್ ಪಡೆಯುವ ಅವಕಾಶವನ್ನೂ ಬರೆದಿದ್ದಾರೆ, ಆದ್ದರಿಂದ ದುಡ್ಡು ಕಟ್ಟುವ ಮೊದಲು ಆ ಹೊತ್ತಿನ ಲೆಕ್ಕ ನೋಡಿಕೊಳ್ಳಿ. ಅದೇ ಅರ್ಜಿ, ಅದೇ ಉತ್ತರ ಇಟ್ಟುಕೊಂಡು ಮರುತಿಂಗಳೇ ಹೋದರೆ ಫಲಿತಾಂಶವೂ ಅದೇ ಆಗುವ ಸಾಧ್ಯತೆ ಜಾಸ್ತಿ. ಏನಾದರೂ ಬದಲಾಗಿರಬೇಕು. ಪೌತಿ ಖಾತೆಯಾಗಿ ಪಹಣಿಯಲ್ಲಿ ಅಮ್ಮನ ಹೆಸರು ಬಂದಿರಬಹುದು, ಸಿಂಗಪುರಕ್ಕೋ ಶ್ರೀಲಂಕಾಕ್ಕೋ ಒಂದು ಪ್ರವಾಸ ಹೋಗಿ ಬಂದಿರಬಹುದು, ಆರು ತಿಂಗಳ ಬದಲು ಆರು ವಾರಕ್ಕೆ ಕೇಳಬಹುದು. ಹಿಂದಿನ ನಿರಾಕರಣೆಯನ್ನು ಮುಚ್ಚಿಡುವುದು ಮಾತ್ರ ಬೇಡ.

ವೀಸಾ ಸಿಕ್ಕ ಮೇಲೂ ಎರಡು ಮಾತು ನೆನಪಿರಲಿ. 10 ವರ್ಷದ ವೀಸಾ ಎಂದರೆ 10 ವರ್ಷ ಇರಬಹುದು ಅಂತಲ್ಲ. ವಿಮಾನ ನಿಲ್ದಾಣದಲ್ಲಿ ಎಷ್ಟು ದಿನ ಕೊಟ್ಟಿದ್ದಾರೆ ಎನ್ನುವುದು ಐ-94 ದಾಖಲೆಯಲ್ಲಿ ಇರುತ್ತದೆ, ಸಾಮಾನ್ಯವಾಗಿ ಆರು ತಿಂಗಳು. ಆ ದಿನ ಮೀರಿದರೆ ವೀಸಾ ರದ್ದಾದಂತೆಯೇ. 180 ದಿನಕ್ಕಿಂತ ಜಾಸ್ತಿ ಮೀರಿ ಹೊರಟರೆ 3 ವರ್ಷ, ಒಂದು ವರ್ಷ ಮೀರಿದರೆ 10 ವರ್ಷ ಒಳಗೆ ಬಿಡುವುದಿಲ್ಲ. ಇನ್ನೊಂದು ವಿಮೆ. ಅಗ್ಗದ ಪಾಲಿಸಿಗಳಲ್ಲಿ ಹಳೆಯ ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ ಸೇರಿರುವುದಿಲ್ಲ. ಏನು ಸೇರಿಲ್ಲ ಎಂಬ ಪುಟವನ್ನು ಮೊದಲು ಓದಿ.

ಅಮೆರಿಕದ ಹಳೆ ವೀಸಾ ಇರುವವರು ಅವಧಿ ಮುಗಿಯುವ ದಿನವನ್ನು ಗುರುತು ಮಾಡಿಟ್ಟುಕೊಳ್ಳಬೇಕು. ಮೊದಲು ಮುಗಿದು 48 ತಿಂಗಳವರೆಗೂ ಸಂದರ್ಶನ ಇಲ್ಲದೆ ನವೀಕರಣ ಆಗುತ್ತಿತ್ತು. 2025ರಲ್ಲಿ ಅದನ್ನು 12 ತಿಂಗಳಿಗೆ ಇಳಿಸಿದರು. ಅದೇ ವರ್ಷ ಸೆಪ್ಟೆಂಬರ್‌ನಿಂದ 79 ದಾಟಿದವರಿಗೆ ಇದ್ದ ಸಂದರ್ಶನ ವಿನಾಯಿತಿಯೂ ಹೋಯಿತು. ಎಂಬತ್ತು ದಾಟಿದ ಅಜ್ಜಿ ಮೊದಲ ಸಲ ವೀಸಾ ಕೇಳಿದರೆ ಈಗ ಕೌಂಟರ್‌ವರೆಗೆ ಹೋಗಲೇಬೇಕು.

ಆ ಕೌಂಟರ್ ಎಲ್ಲಿದೆ ಎನ್ನುವುದೂ ಕರ್ನಾಟಕದವರಿಗೆ ದೊಡ್ಡ ವಿಷಯ. ಬೀದರ್‌ನವರು ಹೈದರಾಬಾದಿಗೆ, ಬೆಳಗಾವಿಯವರು ಮುಂಬೈಗೆ, ಉಳಿದವರು ಚೆನ್ನೈಗೆ ಹೋಗಿ ರೂಮು ಮಾಡಿ, ಒಂದು ದಿನ ಬೆರಳಚ್ಚು, ಇನ್ನೊಂದು ದಿನ ಸಂದರ್ಶನ ಎಂದು ಓಡಾಡಿದ್ದಾರೆ. 2025ರ ಜನವರಿ 17ರಂದು ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು. ವಿದೇಶಾಂಗ ಸಚಿವ ಜೈಶಂಕರ್, ಆಗಿನ ಅಮೆರಿಕ ರಾಯಭಾರಿ ಎರಿಕ್ ಗಾರ್ಸೆಟ್ಟಿ ಇಬ್ಬರೂ ಇದ್ದರು. ಆದರೆ ಅದು ವೀಸಾ ಸೇವೆ ಇಲ್ಲದೆಯೇ ಶುರುವಾಯಿತು. ಅಮೆರಿಕದ ವಲಸೆ ಕಾನೂನನ್ನು ನಾವು ಇಲ್ಲಿ ಕೂತು ಬದಲಿಸಲಾಗದು. ಬೆಂಗಳೂರಿನಲ್ಲಿ ಬಿ-2 ಸಂದರ್ಶನ ಬೇಕು, ಅಲ್ಲಿ ಕನ್ನಡದಲ್ಲಿ ಉತ್ತರಿಸುವ ಅವಕಾಶ ಬೇಕು, ಹೆರಿಗೆಯ ಹೊತ್ತಿಗೆ ಹೋಗುವ ತಾಯಂದಿರನ್ನು ತುರ್ತು ಪಟ್ಟಿಗೆ ಸೇರಿಸಬೇಕು ಎಂದು ಕೇಳಲು ಮಾತ್ರ ರಾಜ್ಯ ಸರ್ಕಾರಕ್ಕೆ, ನಮ್ಮ ಸಂಸದರಿಗೆ, ಅಮೆರಿಕದ ಕನ್ನಡ ಕೂಟಗಳಿಗೆ ಯಾವ ಅಡ್ಡಿಯೂ ಇಲ್ಲ. ಈ ಮೂರು ಬೇಡಿಕೆಗಳನ್ನು ಒಂದೇ ಮನವಿಯಲ್ಲಿ ಬರೆದು ಬೆಂಗಳೂರಿನ ಕಾನ್ಸುಲೇಟ್‌ಗೂ ದೆಹಲಿಯ ವಿದೇಶಾಂಗ ಸಚಿವಾಲಯಕ್ಕೂ ಕೊಡುವ ಕೆಲಸ ಈ ವರ್ಷವೇ ಆಗಬೇಕು.